ಪೇಪರಿನಲ್ಲಿ 59.3, ಕಾರವಾರದ ಬೈತಖೋಲದಲ್ಲಿ ಅರ್ಧ ಐಸ್ ಬಾಕಿ: ಈ ‘ಉದ್ಯಮಿಗಳ ವಿಶ್ವಾಸ’ವನ್ನು ಯಾರನ್ನು ಕೇಳಿ ಅಳೆಯುತ್ತಾರೆ?

ಐಸ್ ಪ್ಲ್ಯಾಂಟ್ ಬೈತಖೋಲ · ಸೆಪ್ಟೆಂಬರ್ 6, 2025

ಈ ವಾರ ಪೇಪರಿನಲ್ಲಿ ಓದಿದೆ. ಆಗಸ್ಟ್ ತಿಂಗಳ ಕಾರ್ಖಾನೆಗಳ ಪಿಎಂಐ 59.3 ಅಂತೆ. 17 ವರ್ಷಗಳಲ್ಲೇ ಇಷ್ಟು ಮೇಲೆ ಹೋಗಿರಲಿಲ್ಲವಂತೆ. ಉದ್ಯಮಿಗಳ ವಿಶ್ವಾಸ ಹೆಚ್ಚಿದೆ ಅಂತ ಹೆಡ್‌ಲೈನು.

ನನ್ನದೂ ಕಾರ್ಖಾನೆಯೇ ಮಾರಾಯ್ರೆ, ಸಣ್ಣದು ಅಷ್ಟೆ. ಆಗಸ್ಟ್ 1ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ ಅಂತ ಜುಲೈ ಕೊನೆಗೇ ಮಷೀನು ಚಾಲೂ ಮಾಡಿ ಐಸ್ ಗಡ್ಡೆ ತುಂಬಿಸಿಟ್ಟೆ. ಕಡಲು ಕುದಿಯುತ್ತಿತ್ತು. ಬೋಟುಗಳು ಒಂದು ದಿನ ಹೋದರೆ ಮೂರು ದಿನ ಧಕ್ಕೆಯಲ್ಲೇ ಕಟ್ಟಿಕೊಂಡಿದ್ದವು. ಅರ್ಧ ಐಸು ಹಾಗೇ ಉಳಿಯಿತು. ಉಳಿದ ಐಸಿಗೂ ಕರೆಂಟ್ ಬಿಲ್ ಬರುತ್ತದೆ.

ಕೇಳುವುದು ಇಷ್ಟೇ. ಈ 59.3 ಅನ್ನುವುದು ಏನು? ನೂರಕ್ಕೆ 59 ಜನ ಖುಷಿಯಾಗಿದ್ದಾರೆ ಅಂತಲಾ? ಯಾರನ್ನು ಕೇಳುತ್ತಾರೆ? ಈ 22 ವರ್ಷದಲ್ಲಿ ನನ್ನನ್ನಂತೂ ಯಾರೂ ಕೇಳಿಲ್ಲ.

ಚಾಲಿ ರಾಶಿ, ಶಿರಸಿ · ಸೆಪ್ಟೆಂಬರ್ 6

ನಿಮ್ಮನ್ನು ಕೇಳಿದರೂ ನೀವು ನಿಜ ಹೇಳುತ್ತಿದ್ದಿರಾ? ನಾನು ಅಡಿಕೆ ವ್ಯಾಪಾರದಲ್ಲಿ ತಲೆ ಹಣ್ಣು ಮಾಡಿಕೊಂಡವನು. ಟೆಂಡರ್ ದಿನ ಯಾರನ್ನಾದರೂ ‘ಹ್ಯಾಂಗಿದ್ದು ವ್ಯಾಪಾರ’ ಅಂತ ಕೇಳಿ ನೋಡಿ. ರಾಶಿ ಅಡಿಕೆ ರೇಟು ಆಕಾಶದಲ್ಲಿದ್ದರೂ ‘ಹಿಂಗೇ ನಡೀತಾ ಇದ್ದು’. ನೆಲಕ್ಕೆ ಬಿದ್ದರೂ ‘ಹಿಂಗೇ ನಡೀತಾ ಇದ್ದು’. ಚೆನ್ನಾಗಿದೆ ಅಂದರೆ ದೃಷ್ಟಿ, ಮೇಲಿಂದ ಸಾಲ ಕೇಳುವವರ ಸಾಲು. ಕೆಟ್ಟಿದೆ ಅಂದರೆ ನಾಳೆ ಉದ್ರಿ ಕೊಡುವವರಿಲ್ಲ.

ಇಂಥ ಉತ್ತರ ಇಟ್ಟುಕೊಂಡು ದೇಶದ ಲೆಕ್ಕ ಮಾಡುತ್ತಾರೆ ಅಂದರೆ ನಗು ಬರುತ್ತದೆ.

ಲೆಕ್ಕದ ಅಕ್ಕ · ಸೆಪ್ಟೆಂಬರ್ 6

ನಗಬೇಡಿ, ಆ ಫಾರಂ ತುಂಬಿದವಳು ನಾನು. ಹುಬ್ಬಳ್ಳಿ ಕಡೆ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಆರು ವರ್ಷ ಇದ್ದೆ. ಈಗ ಕಾರವಾರದಲ್ಲಿ ಮನೆಯಿಂದಲೇ ಜಿಎಸ್‌ಟಿ ಫೈಲಿಂಗ್ ಮಾಡುತ್ತೇನೆ.

ಮೊದಲು 59.3ರ ವಿಷಯ. ಪಿಎಂಐ ಅಂದರೆ ಖರೀದಿ ಮ್ಯಾನೇಜರುಗಳ ಸೂಚ್ಯಂಕ. ಅದಕ್ಕೆ ಸುಮಾರು 400 ಕಾರ್ಖಾನೆಗಳ ಖರೀದಿ ಮ್ಯಾನೇಜರುಗಳನ್ನು ಕೇಳುತ್ತಾರೆ. ತಿಂಗಳು ತಿಂಗಳೂ ಅದೇ ಕಂಪನಿಗಳು. ಹೊಸ ಆರ್ಡರ್ ಹೋದ ತಿಂಗಳಿಗಿಂತ ಜಾಸ್ತಿಯಾ, ಅಷ್ಟೇಯಾ, ಕಡಿಮೆಯಾ? ಎಷ್ಟು ಜಾಸ್ತಿ ಅಂತ ಕೇಳುವುದಿಲ್ಲ. ಜಾಸ್ತಿ ಅಂದವರ ಶೇಕಡಾವಾರು ಪೂರ್ತಿ ತೆಗೆದುಕೊಂಡು, ಅಷ್ಟೇ ಅಂದವರ ಅರ್ಧ ಸೇರಿಸುತ್ತಾರೆ. ಎಲ್ಲರೂ ‘ಅಷ್ಟೇ’ ಅಂದರೆ 50 ಬರುತ್ತದೆ. ಅದಕ್ಕೇ 50 ದಾಟಿದರೆ ಏರಿಕೆ, ಕೆಳಗಿದ್ದರೆ ಇಳಿಕೆ. ಇಂಥ ಐದು ಪ್ರಶ್ನೆಗಳ ಅಂಕೆಯನ್ನು ತೂಕ ಹಾಕಿ ಸೇರಿಸುತ್ತಾರೆ: ಹೊಸ ಆರ್ಡರ್‌ಗೆ 30, ಉತ್ಪಾದನೆಗೆ 25, ಕೆಲಸಗಾರರ ಸಂಖ್ಯೆಗೆ 20, ಮಾಲು ಬರಲು ಹಿಡಿಯುವ ಸಮಯಕ್ಕೆ 15, ಕಚ್ಚಾಮಾಲಿನ ದಾಸ್ತಾನಿಗೆ 10.

ಗಮನಿಸಿ, ಇದರಲ್ಲಿ ವಿಶ್ವಾಸದ ಪ್ರಶ್ನೆಯೇ ಇಲ್ಲ. ಏನಾಯಿತು ಅಂತ ಕೇಳುವುದು ಮಾತ್ರ. ಮುಂದಿನ ಒಂದು ವರ್ಷ ಹೇಗಿದ್ದೀತು ಅನ್ನುವ ಪ್ರಶ್ನೆ ಬೇರೆ ಇದೆ, ಅದು ಈ 59.3ಕ್ಕೆ ಸೇರುವುದಿಲ್ಲ. ಹೆಡ್‌ಲೈನ್ ಬರೆದವರು ಎರಡನ್ನೂ ಒಂದೇ ಗಂಟು ಕಟ್ಟಿದ್ದಾರೆ.

ಇನ್ನು ನಮ್ಮ ಆಫೀಸಿನ ಫಾರಂ. ಅದು ಬೇರೆ ಸರ್ವೆಯದು, ಯಾವುದು ಅಂತ ಬೇಡ. ಮೊದಲ ಸಲ ಬಂದಾಗ ನಾನು ಆರ್ಡರ್ ಬುಕ್ ತೆಗೆದು, ಸ್ಟೋರ್ಸಿಗೆ ಹೋಗಿ, ದಾಸ್ತಾನು ನೋಡಿ ಒಂದು ಮಧ್ಯಾಹ್ನ ಕೂತು ತುಂಬಿದೆ. ಎರಡನೇ ಸಲ ಸಾಹೇಬರನ್ನು ಕೇಳಿದೆ. ಅವರು ಫೋನಿನಲ್ಲಿದ್ದರು. ಕೈಸನ್ನೆ ಮಾಡಿ ‘ಹೋದ ಸಲದ್ದೇ ಹಾಕಿ ಕಳಿಸು’ ಅಂದರು. ಆಮೇಲೆ ಅದೇ ರೂಢಿ ಆಯಿತು. ಒಂದು ವರ್ಷದ ಮೇಲೆ ನಮ್ಮ ಕಂಪನಿಯಲ್ಲಿ ಏನೂ ಬದಲಾಗಲಿಲ್ಲ, ಕಾಗದದ ಮೇಲೆ. ಆ ವರ್ಷ ಒಂದು ಪಾಳಿಯೇ ಬಂದ್ ಆಗಿತ್ತು.

ಚಾಲಿ ರಾಶಿ, ಶಿರಸಿ · ಸೆಪ್ಟೆಂಬರ್ 6

ನೋಡಿ, ನಾನು ಹೇಳಿದ್ದೇ ಆಯಿತಲ್ಲ.

ಲೆಕ್ಕದ ಅಕ್ಕ · ಸೆಪ್ಟೆಂಬರ್ 7

ಪೂರ್ತಿ ಅಲ್ಲ. ಯಾವಾಗಲೂ ಗೊಣಗುವ ಮನುಷ್ಯ ಈ ಲೆಕ್ಕಕ್ಕೆ ತೊಂದರೆ ಅಲ್ಲ. ಅವನು ಪ್ರತಿ ತಿಂಗಳೂ ಗೊಣಗುತ್ತಾನೆ, ಆದ್ದರಿಂದ ಅವನ ಗೊಣಗಾಟದಿಂದ ಅಂಕೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅವನು ಒಂದು ತಿಂಗಳು ಬಾಯಿ ಮುಚ್ಚಿದ ಅಂದರೆ ಏನೋ ಆಗಿದೆ ಅಂತ ಅರ್ಥ. ಅದಕ್ಕೇ ಅದೇ ಕಂಪನಿಗಳನ್ನು ಮತ್ತೆ ಮತ್ತೆ ಕೇಳುವುದು.

ಇನ್ನೊಂದು, ಗಾಳಿ ನಿಜವಾಗಿ ಬೀಸಿದಾಗ ಇದು ಹಿಡಿಯುತ್ತದೆ. 2020ರ ಏಪ್ರಿಲ್ ಲಾಕ್‌ಡೌನಿನಲ್ಲಿ ಭಾರತದ ಕಾರ್ಖಾನೆಗಳ ಪಿಎಂಐ 27.4ಕ್ಕೆ ಬಿತ್ತು. ಹೋಟೆಲ್ಲು, ಸಾರಿಗೆ ಎಲ್ಲ ಸೇರಿದ ಸೇವಾ ವಲಯದ್ದು 5.4. ಅಂದರೆ ಹೆಚ್ಚುಕಡಿಮೆ ಎಲ್ಲರೂ ಒಂದೇ ಬಾಯಿಂದ ‘ಕಡಿಮೆ’ ಅಂದಿದ್ದರು. ಆ ಏಪ್ರಿಲ್‌ನಿಂದ ಶುರುವಾಗುವ ಮೂರು ತಿಂಗಳ ಜಿಡಿಪಿ ಗೊತ್ತಾಗಿದ್ದು ಆಗಸ್ಟ್ ಕೊನೆಗೆ. ಇದು ಮೇ ಮೊದಲ ವಾರದಲ್ಲೇ ಕೈಯಲ್ಲಿತ್ತು. ಸರ್ವೆಗೆ ಇರುವ ದೊಡ್ಡ ಬೆಲೆ ಇದೇ, ಬೇಗ ಸಿಗುತ್ತದೆ.

ಗೇರುಬೀಜ ಕುಮಟಾ · ಸೆಪ್ಟೆಂಬರ್ 7

ಅಕ್ಕಾ, ಮಾಲು ಬರುವ ಸಮಯಕ್ಕೆ 15 ತೂಕ ಅಂದಿರಲ್ಲ, ತಡವಾದರೆ ಅಂಕೆ ಇಳಿಯುತ್ತದೆ ತಾನೆ?

ಲೆಕ್ಕದ ಅಕ್ಕ · ಸೆಪ್ಟೆಂಬರ್ 7

ಏರುತ್ತದೆ! ಮೊದಲ ಸಲ ಓದಿದಾಗ ನನಗೂ ತಲೆ ತಿರುಗಿತ್ತು. ಲಾರಿ ತಡವಾಯಿತು ಅಂದರೆ ಕೊಡುವವರ ಹತ್ತಿರ ಆರ್ಡರ್ ಜಾಸ್ತಿ ಇದೆ, ಬೇಡಿಕೆ ಜೋರಾಗಿದೆ ಅಂತ ಅವರ ಲೆಕ್ಕ. ಅದಕ್ಕೆ ಆ ಒಂದು ಪ್ರಶ್ನೆಯನ್ನು ತಿರುಗಿಸಿ ಹಾಕುತ್ತಾರೆ.

ಗೇರುಬೀಜ ಕುಮಟಾ · ಸೆಪ್ಟೆಂಬರ್ 7

ಹಾಗಾದರೆ 2024ರ ಜುಲೈ ನೆನಪು ಮಾಡಿಕೊಳ್ಳಿ. 16ನೇ ತಾರೀಕು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. 66ನೇ ನಂಬರಿನ ಹೆದ್ದಾರಿ ದಿನಗಟ್ಟಲೆ ಬಂದ್. ಅಲ್ಲಿ ಜನ ಮಣ್ಣಿನಡಿ ಸಿಕ್ಕಿ ಸತ್ತರು, ಅದರ ಮುಂದೆ ನಮ್ಮ ವ್ಯಾಪಾರದ ಮಾತೇ ಸಣ್ಣದು. ಆದರೂ ಹೇಳುತ್ತೇನೆ. ಗೋವಾ ಕಡೆಯಿಂದ ನನಗೆ ಬರಬೇಕಿದ್ದ ಪ್ಯಾಕಿಂಗ್ ಡಬ್ಬಿಗಳ ಲಾರಿ ಕಾರವಾರದ ಆಚೆಯೇ ನಿಂತಿತು. ಕೊನೆಗೆ ಬೇರೆ ದಾರಿಯಲ್ಲಿ ಘಟ್ಟ ಹತ್ತಿ ಇಳಿದು, ಬಾಡಿಗೆ ಡಬಲ್ ಮಾಡಿಕೊಂಡು, ಒಂಬತ್ತು ದಿನ ತಡವಾಗಿ ಬಂತು. ಸುತ್ತಿ ಬಂದ ಡ್ರೈವರ್ ನಮ್ಮಲ್ಲಿ ಊಟ ಮಾಡಿ ಎಂಟು ತಾಸು ಮಲಗಿದ.

ಆ ತಿಂಗಳು ನನ್ನನ್ನು ಸರ್ವೆಯವರು ಕೇಳಿದ್ದರೆ, ‘ಮಾಲು ತಡವಾಗಿದೆ’ ಅಂತ ನಾನು ಟಿಕ್ ಹಾಕಿದ್ದರೆ, ದೇಶದ ಅಂಕೆ ಒಂದು ಕೂದಲೆಳೆ ಮೇಲೆ ಹೋಗುತ್ತಿತ್ತು ಅಂತ ಆಯಿತು!

ಲೆಕ್ಕದ ಅಕ್ಕ · ಸೆಪ್ಟೆಂಬರ್ 7

ಹೌದು, ಹಾಗೇ. ಲಾಕ್‌ಡೌನಿನಲ್ಲೂ ಇದೇ ಆಯಿತು. ಲಾರಿಗಳು ನಿಂತಿದ್ದಕ್ಕೆ ಮಾಲು ತಡವಾಯಿತು, ಆ ಭಾಗ ಹೆಡ್‌ಲೈನ್ ಅಂಕೆಯನ್ನು ಮೇಲಕ್ಕೆ ಎಳೆಯಿತು. ಇಲ್ಲದಿದ್ದರೆ 27.4 ಇನ್ನೂ ಕೆಳಗಿರುತ್ತಿತ್ತು.

ಗೋಕರ್ಣ ರೂಮು · ಸೆಪ್ಟೆಂಬರ್ 7

ಪಿಎಂಐ ಬಿಡಿ. ನಿಜವಾಗಿ ವಿಶ್ವಾಸ ಕೇಳುವ ಸರ್ವೆ ಯಾವುದು?

ಲೆಕ್ಕದ ಅಕ್ಕ · ಸೆಪ್ಟೆಂಬರ್ 7

ಸುಮಾರಿವೆ. ದಿಲ್ಲಿಯ ಎನ್‌ಸಿಎಇಆರ್ ಅನ್ನುವ ಆರ್ಥಿಕ ಸಂಶೋಧನಾ ಸಂಸ್ಥೆ 1991ರಿಂದ ಮೂರು ತಿಂಗಳಿಗೊಮ್ಮೆ ಮಾಡುತ್ತದೆ. ಬೆಂಗಳೂರು, ಪುಣೆ, ಮುಂಬೈ, ಚೆನ್ನೈ, ದಿಲ್ಲಿ, ಕೋಲ್ಕತ್ತಾದ ಸುಮಾರು 500 ಕಂಪನಿ. ಮುಖ್ಯವಾಗಿ ನಾಲ್ಕು ಪ್ರಶ್ನೆ. ಮುಂದಿನ ಆರು ತಿಂಗಳಲ್ಲಿ ದೇಶದ ಆರ್ಥಿಕ ಸ್ಥಿತಿ ಸುಧಾರಿಸುತ್ತದಾ, ನಿಮ್ಮ ಕಂಪನಿಯ ಹಣಕಾಸು ಸುಧಾರಿಸುತ್ತದಾ, ಈಗ ಬಂಡವಾಳ ಹಾಕಲು ಕಾಲ ಚೆನ್ನಾಗಿದೆಯಾ, ನಿಮ್ಮ ಯಂತ್ರಗಳು ಸಾಕಷ್ಟು ಓಡುತ್ತಿವೆಯಾ.

ರಿಸರ್ವ್ ಬ್ಯಾಂಕ್ 1998ರಿಂದ ಕಾರ್ಖಾನೆಗಳನ್ನು ಕೇಳುತ್ತಿದೆ. ಈ ತ್ರೈಮಾಸಿಕ ಹೇಗಿದೆ, ಮುಂದಿನದು ಹೇಗಿದ್ದೀತು ಅಂತ ಎರಡು ಕಾಲಮ್ಮು. ಒಳ್ಳೆಯದು ಅಂದವರ ಶೇಕಡಾದಿಂದ ಕೆಟ್ಟದು ಅಂದವರನ್ನು ಕಳೆಯುತ್ತಾರೆ. ಅಷ್ಟೇ ಅಂದವರು ಲೆಕ್ಕಕ್ಕಿಲ್ಲ. ಉತ್ಪಾದನೆ, ಆರ್ಡರ್, ಲಾಭ, ರಫ್ತು ಅಂತ ಒಂಬತ್ತು ವಿಷಯ ಸೇರಿಸಿ 0ದಿಂದ 200ರ ಒಳಗೆ ಒಂದು ಅಂಕೆ ಮಾಡುತ್ತಾರೆ, ಅಲ್ಲಿ 100 ನಡುಗೆರೆ.

ಈ ಪದ್ಧತಿಯ ಹಿರಿಯಜ್ಜ ಜರ್ಮನಿಯ ಮ್ಯೂನಿಕ್‌ನ ಇಫೊ ಸಂಸ್ಥೆ, 1949ರಿಂದ ಕೇಳುತ್ತಿದೆ. ಈಗ ತಿಂಗಳಿಗೆ ಸುಮಾರು 9 ಸಾವಿರ ಕಂಪನಿ.

ಚಾಲಿ ರಾಶಿ, ಶಿರಸಿ · ಸೆಪ್ಟೆಂಬರ್ 7

ಮಾತು ಸಾಕು. ನಾವೇ ಇಲ್ಲಿ ಮಾಡೋಣ. ಅಂಗಡಿ, ಬೋಟು, ರೂಮು, ಏನಿದ್ದರೂ ಸರಿ. ಒಂದನೇ ಪ್ರಶ್ನೆ: ಜುಲೈಗಿಂತ ಆಗಸ್ಟಿನಲ್ಲಿ ವ್ಯಾಪಾರ ಜಾಸ್ತಿ, ಅಷ್ಟೇ, ಕಡಿಮೆ? ಎರಡನೇದು: ಮುಂದಿನ ಮೂರು ತಿಂಗಳು ಹೇಗಿದ್ದೀತು? ಅಕ್ಕನಿಗೆ ಖಾಸಗಿ ಮೆಸೇಜ್ ಮಾಡಿ, ದೃಷ್ಟಿ ತಾಗುವುದಿಲ್ಲ. ‘ಹಿಂಗೇ ನಡೀತಾ ಇದ್ದು’ ನಡೆಯುವುದಿಲ್ಲ.

ಲೆಕ್ಕದ ಅಕ್ಕ · ಸೆಪ್ಟೆಂಬರ್ 10

20 ಉತ್ತರ ಬಂದವು. ಕಾರವಾರದಿಂದ ಭಟ್ಕಳದವರೆಗೆ 13, ಘಟ್ಟದ ಮೇಲೆ 7.

ಒಂದನೇ ಪ್ರಶ್ನೆ: ಜಾಸ್ತಿ 7, ಅಷ್ಟೇ 9, ಕಡಿಮೆ 4. ಪಿಎಂಐ ದಾರಿಯಲ್ಲಿ ಮಾಡಿದರೆ 35 ಮತ್ತು 45ರ ಅರ್ಧ 22.5, ಒಟ್ಟು 57.5. ರಿಸರ್ವ್ ಬ್ಯಾಂಕ್ ದಾರಿಯಲ್ಲಿ 35ರಿಂದ 20 ಕಳೆದರೆ 15, ನಡುಗೆರೆ 100ಕ್ಕೆ ಸೇರಿಸಿದರೆ 115. 57.5ರ ಎರಡರಷ್ಟು 115. ಎರಡೂ ಒಂದೇ ಅಳತೆ, ಒಂದು ಅಡಿಯಲ್ಲಿ, ಒಂದು ಮೊಳದಲ್ಲಿ.

ಎರಡನೇ ಪ್ರಶ್ನೆ: ಒಳ್ಳೆಯದಾದೀತು 11, ಹೀಗೇ 5, ಕೆಟ್ಟೀತು 4. ಅಂಕೆ 67.5.

ಗೋಕರ್ಣ ರೂಮು · ಸೆಪ್ಟೆಂಬರ್ 10

57.5! ನಮ್ಮ ಜಿಲ್ಲೆಗೂ ದೇಶಕ್ಕೂ ಹೆಚ್ಚು ಅಂತರವಿಲ್ಲ. ಐಸ್ ಪ್ಲ್ಯಾಂಟಿನವರು ಸುಮ್ನೆ ಗಲಾಟೆ ಮಾಡಿದ್ದು.

ಐಸ್ ಪ್ಲ್ಯಾಂಟ್ ಬೈತಖೋಲ · ಸೆಪ್ಟೆಂಬರ್ 10

ಅಲ್ಲ ಮಾರಾಯ್ರೆ, ನಾನೇ ‘ಜಾಸ್ತಿ’ ಅಂತ ಕೊಟ್ಟಿದ್ದೇನೆ! ಜುಲೈನಲ್ಲಿ ನನ್ನದು ಸೊನ್ನೆ. ಸೊನ್ನೆಗಿಂತ ಅರ್ಧ ಜಾಸ್ತಿಯೇ ಅಲ್ವಾ? ಪ್ರಶ್ನೆ ಹಾಗಿದೆ, ಏನು ಮಾಡಲಿ.

ಮಳೆಕೋಟು, ಶಿರಸಿ · ಸೆಪ್ಟೆಂಬರ್ 10

ನಾನು ‘ಕಡಿಮೆ’ ಕೊಟ್ಟೆ. ಆದರೆ ನನಗೆ ಬೇಜಾರೇನಿಲ್ಲ. ಕೊಡೆ, ಕೋಟು ಹೋಗುವುದು ಜೂನ್ ಜುಲೈನಲ್ಲೇ. ಆಗಸ್ಟಿನಲ್ಲಿ ಇಳಿಯುವುದು ಪ್ರತಿ ವರ್ಷದ ಮಾತು. ಈ ಸಲ ಇಳಿದದ್ದು ಹೋದ ವರ್ಷಕ್ಕಿಂತ ಕಡಿಮೆಯೇ.

ಲೆಕ್ಕದ ಅಕ್ಕ · ಸೆಪ್ಟೆಂಬರ್ 10

ಸರಿಯಾಗಿ ಹಿಡಿದಿರಿ. ಇಬ್ಬರದೂ ನಿಜವಾದ ಉತ್ತರ, ಇಬ್ಬರದೂ ಉಲ್ಟಾ ಸುದ್ದಿ. ಪಿಎಂಐ ಮಾಡುವವರು ಹಿಂದಿನ ವರ್ಷಗಳ ಉತ್ತರ ನೋಡಿ, ಈ ತಿಂಗಳು ಮಾಮೂಲಿಯಾಗಿ ಎಷ್ಟು ಏರಿಳಿತ ಇರುತ್ತದೆ ಅಂತ ಅಂದಾಜು ಮಾಡಿ ಅದನ್ನು ತೆಗೆದುಹಾಕುತ್ತಾರೆ. ನಮ್ಮ ಹತ್ತಿರ ಹಿಂದಿನ ವರ್ಷದ್ದೇ ಇಲ್ಲ. ಜಾಸ್ತಿ ಅಂದ 7ರಲ್ಲಿ 5 ಬೋಟು, ಐಸು, ಮೀನಿನ ಗಾಡಿಯವರದ್ದು. ಅವರನ್ನು ಬದಿಗಿಟ್ಟರೆ ನಮ್ಮ 57.5ರ ಗಾಳಿ ಹೋಗುತ್ತದೆ: 15 ಜನರಲ್ಲಿ ಜಾಸ್ತಿ 2, ಅಷ್ಟೇ 9, ಕಡಿಮೆ 4. ಅಂಕೆ 43.3.

ತೆಗೆಯುವುದೂ ಸುಲಭವಲ್ಲ. ಹೋದ ವರ್ಷ ಚೌತಿ ಸೆಪ್ಟೆಂಬರ್ 7ಕ್ಕೆ, ಈ ವರ್ಷ ಆಗಸ್ಟ್ 27ಕ್ಕೆ. ಬಟ್ಟೆ ಅಂಗಡಿಗೆ ಯಾವ ತಿಂಗಳನ್ನು ಮಾಮೂಲಿ ಅನ್ನೋದು? ಶಿರಸಿಗೆ ಇನ್ನೂ ಕಷ್ಟ, ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ.

ಟಿವಿ ಅಂಗಡಿ, ಅಂಕೋಲಾ · ಸೆಪ್ಟೆಂಬರ್ 11

ನನ್ನ ಉತ್ತರ ಆಗಸ್ಟಿಗೆ ‘ಕಡಿಮೆ’, ಮುಂದಕ್ಕೆ ‘ಒಳ್ಳೆಯದು’. ಕಾರಣ ಗೊತ್ತೇ ಇದೆ. ಆಗಸ್ಟ್ 15ಕ್ಕೆ ಜಿಎಸ್‌ಟಿ ಇಳಿಸುತ್ತೇವೆ ಅಂತ ಘೋಷಣೆ ಆದ ಮೇಲೆ ಗಿರಾಕಿಗಳು ಬಂದು ರೇಟು ಕೇಳಿ, ಫೋಟೋ ಹೊಡೆದುಕೊಂಡು ಹೋಗುತ್ತಿದ್ದಾರೆ. ದೊಡ್ಡ ಟಿವಿ, ಎಸಿಗೆ 28 ಇದ್ದದ್ದು 22ನೇ ತಾರೀಕಿನಿಂದ 18. ಯಾರು ಈಗ ತಗೊಳ್ತಾರೆ? ಚೌತಿಗೆ ಹೋಗಬೇಕಿದ್ದ ಎರಡು ಎಸಿ ಹಾಗೇ ಕೂತಿವೆ.

ಸಿಗಡಿ ಕೆರೆ, ಅಘನಾಶಿನಿ · ಸೆಪ್ಟೆಂಬರ್ 11

ನನ್ನದು ಇವರ ಉಲ್ಟಾ. ಆಗಸ್ಟ್ ‘ಅಷ್ಟೇ’, ಮುಂದೆ ‘ಕೆಟ್ಟೀತು’. ಆಗಸ್ಟ್ 27ರಿಂದ ಅಮೆರಿಕ ನಮ್ಮ ಮಾಲಿನ ಮೇಲಿನ ಸುಂಕವನ್ನು 50 ಪರ್ಸೆಂಟಿಗೆ ಏರಿಸಿದೆ. ಭಾರತದ ಸಿಗಡಿಗೆ ದೊಡ್ಡ ಗಿರಾಕಿಯೇ ಅಮೆರಿಕ. ಏಜೆಂಟ್ ಈಗಲೇ ‘ಮುಂದಿನ ಸಲ ರೇಟು ಕೇಳಬೇಡಿ’ ಅಂತ ಹೇಳಿ ಹೋದ. ಸಿಗಡಿ ಕೆರೆಯಲ್ಲಿ ಬೆಳೆಯುತ್ತಾ ಇದೆ, ಅದಕ್ಕೆ ಸುಂಕ ಗೊತ್ತಿಲ್ಲ, ಮೇವು ಹಾಕಲೇಬೇಕು.

ನಿಮ್ಮ 67.5ರಲ್ಲಿ ನಾನೂ ಟಿವಿಯವರೂ ಒಬ್ಬರನ್ನೊಬ್ಬರು ಕಡಿದು ಹಾಕಿ ಸೊನ್ನೆ ಆಗಿದ್ದೇವೆ.

ಲೆಕ್ಕದ ಅಕ್ಕ · ಸೆಪ್ಟೆಂಬರ್ 11

ನೀವು ಹೇಳಿದ್ದೇ ಇದರ ದೊಡ್ಡ ದೋಷ. 20 ಜನರಲ್ಲಿ 3 ಜಾಸ್ತಿ, 17 ಅಷ್ಟೇ, ಕಡಿಮೆ ಯಾರೂ ಇಲ್ಲ ಅಂದುಕೊಳ್ಳಿ. ಲೆಕ್ಕ ಹಾಕಿ: 15 ಮತ್ತು 42.5, ಮತ್ತೆ 57.5! ಒಂದು ಊರು ತಣ್ಣಗೆ ಕೂತಿದೆ, ಇನ್ನೊಂದು ಊರು ಇಬ್ಭಾಗವಾಗಿದೆ, ಅಂಕೆ ಒಂದೇ. ಹೆಡ್‌ಲೈನ್ ಓದುವಾಗ ಒಳಗಿನ ಮೂರು ಪಾಲು ನೋಡದಿದ್ದರೆ ಇದು ಗೊತ್ತಾಗುವುದೇ ಇಲ್ಲ.

ಗೇರುಬೀಜ ಕುಮಟಾ · ಸೆಪ್ಟೆಂಬರ್ 11

ಚಹಾ ಅಂಗಡಿಯವನು ಹತ್ತು ಕಪ್ ಜಾಸ್ತಿ ಮಾರಿದ್ದೂ ಒಂದು ‘ಜಾಸ್ತಿ’. ಸಿಗಡಿಯವರ ಇಡೀ ಕೆರೆ ಹೋದರೂ ಒಂದು ‘ಕೆಟ್ಟೀತು’. ಅದನ್ನೂ ಸೇರಿಸಿ.

ಗೋಕರ್ಣ ರೂಮು · ಸೆಪ್ಟೆಂಬರ್ 11

ಮೊದಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ನಮ್ಮನ್ನು ಯಾಕೆ ಕೇಳುವುದಿಲ್ಲ?

ಲೆಕ್ಕದ ಅಕ್ಕ · ಸೆಪ್ಟೆಂಬರ್ 12

ನಾವು ಕಂಪನಿ ಅಲ್ಲ, ಅದಕ್ಕೆ. ರಿಸರ್ವ್ ಬ್ಯಾಂಕಿನ ಆ ಸರ್ವೆ ಲಿಮಿಟೆಡ್ ಕಂಪನಿಗಳದ್ದು. ನಮ್ಮಂಥವರನ್ನು ಎಣಿಸುವ ಸರಕಾರಿ ಸಮೀಕ್ಷೆ ಬೇರೆ ಇದೆ, ನೋಂದಾಯಿತ ಕಂಪನಿ ಅಲ್ಲದ ಉದ್ದಿಮೆಗಳದ್ದು. 2023-24ರಲ್ಲಿ ಅಂಥವು ದೇಶದಲ್ಲಿ 7.34 ಕೋಟಿ ಅಂತ ಅಂದಾಜು ಬಂತು. ಅದರಲ್ಲಿ ರೂಮು ಬರುತ್ತದೆ. ಕೃಷಿ, ಮೀನುಗಾರಿಕೆ ಹೊರಗೆ, ಹಾಗಾಗಿ ಬೋಟು ಬರುವುದಿಲ್ಲ, ಸಿಗಡಿ ಕೆರೆಯೂ ಇಲ್ಲ. ಅಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ, ಎಷ್ಟು ದುಡಿಮೆ ಅಂತ ಕೇಳುತ್ತಾರೆ. ‘ಮುಂದೆ ಹೇಗೆ ಅನಿಸುತ್ತದೆ’ ಅಂತ ಕೇಳುವುದಿಲ್ಲ.

400 ಕಾರ್ಖಾನೆ ಕೇಳಿದ್ದು ತಪ್ಪು ಅಂತ ನಾನು ಹೇಳಲ್ಲ. ಯಾವ ವಲಯದಲ್ಲಿ, ಎಷ್ಟು ದೊಡ್ಡ ಕಂಪನಿ ಎಷ್ಟು ಬೇಕು ಅಂತ ನೋಡಿಯೇ ಆರಿಸುತ್ತಾರೆ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು. ಆದರೆ ಆ ಅಗುಳು ಆ ಪಾತ್ರೆಯದೇ ಆಗಿರಬೇಕು. ಇವರ ಪಾತ್ರೆ ಬೇರೆ, ನಮ್ಮ ಪಾತ್ರೆ ಬೇರೆ. ಇವರು ಇವರ ಪಾತ್ರೆಯ ಸುದ್ದಿ ಹೇಳುತ್ತಾರೆ, ಪೇಪರಿನವರು ಇಡೀ ಊಟದ ಸುದ್ದಿ ಅಂತ ಹಾಕುತ್ತಾರೆ. ನನ್ನ ತಕರಾರು ಅಲ್ಲಿದೆ.

ಚಾಲಿ ರಾಶಿ, ಶಿರಸಿ · ಅಕ್ಟೋಬರ್ 3

ಅಕ್ಕಾ, ಸೆಪ್ಟೆಂಬರ್ ಸುತ್ತು ಏನಾಯಿತು? ನಾನಂತೂ ಮೆಸೇಜ್ ಮಾಡಿದ್ದೇನೆ.

ಲೆಕ್ಕದ ಅಕ್ಕ · ಅಕ್ಟೋಬರ್ 5

ಈ ಸಲ ಉತ್ತರಿಸಿದ್ದು 13 ಜನ. ಜಾಸ್ತಿ 6, ಅಷ್ಟೇ 4, ಕಡಿಮೆ 3. ಅಂಕೆ 61.5. ಹೋದ ಸಲ 57.5 ಇತ್ತು, ನಾಲ್ಕು ಏರಿತು ಅಂತ ಬರೆಯಲು ಹೊರಟಿದ್ದೆ. ಆಮೇಲೆ ಈ 13 ಜನ ಹೋದ ಸಲ ಏನು ಹೇಳಿದ್ದರು ಅಂತ ತೆಗೆದು ನೋಡಿದೆ. ಜಾಸ್ತಿ 3, ಅಷ್ಟೇ 7, ಕಡಿಮೆ 3. ಅಂದರೆ ಸರಿಯಾಗಿ 50. ಇದೇ ಜನರ ಲೆಕ್ಕದಲ್ಲಿ 50ರಿಂದ 61.5ಕ್ಕೆ ಬಂದಿದ್ದೇವೆ. ಟಿವಿಯವರು ‘ಜಾಸ್ತಿ’ ಆಗಿದ್ದಾರೆ. ಸಿಗಡಿಯವರು ‘ಕಡಿಮೆ’.

ತೊಂದರೆ ಇರುವುದು ಬಾರದ 7 ಜನರದ್ದು. ಜಪಾನಿನ ಕೇಂದ್ರ ಬ್ಯಾಂಕ್ ಟ್ಯಾಂಕನ್ ಅಂತ ಒಂದು ಸರ್ವೆ ಮಾಡುತ್ತದೆ, ಸುಮಾರು 9 ಸಾವಿರ ಕಂಪನಿ, 99 ಪರ್ಸೆಂಟ್ ಉತ್ತರ ಬರುತ್ತದೆ. ನಮ್ಮದು 65. ಬಾರದವರಲ್ಲಿ 4 ಜನ ಹೋದ ಸಲ ‘ಜಾಸ್ತಿ’ ಅಂದವರು, ಎಲ್ಲ ಧಕ್ಕೆ ಕಡೆಯವರು. ನಷ್ಟವಾಗಿ ಬೇಜಾರಿನಲ್ಲಿ ಬಿಟ್ಟರಾ ಅಂತ ನನಗೆ ಅನುಮಾನ. ಐಸ್ ಪ್ಲ್ಯಾಂಟಿನವರೇ, ಎಲ್ಲಿದ್ದೀರಿ? ಈ ಚರ್ಚೆ ಶುರು ಮಾಡಿದ್ದೇ ನೀವು.

ಐಸ್ ಪ್ಲ್ಯಾಂಟ್ ಬೈತಖೋಲ · ಅಕ್ಟೋಬರ್ 9

ಈಗ ನೋಡಿದೆ. ಬೇಜಾರಲ್ಲ ಅಕ್ಕಾ, ಪುರಸೊತ್ತಿಲ್ಲ. ಕಡಲು ತಣ್ಣಗಾದ ಮೇಲೆ ಬಂಗಡೆ ಬಂತು. ರಾತ್ರಿ ಎರಡಕ್ಕೆ ಬೋಟಿನವರು ಫೋನ್ ಮಾಡಿ ಐಸ್ ಕೇಳುತ್ತಾರೆ. ಗಡ್ಡೆ ಗಟ್ಟಿಯಾಗಲೂ ಬಿಡುವುದಿಲ್ಲ, ನಡುವೆ ನೀರು ಇರುವಾಗಲೇ ಎತ್ತಿಕೊಂಡು ಹೋಗುತ್ತಾರೆ. ಹುಡುಗರು ಇಬ್ಬರು ಸಾಲದೆ ಮತ್ತೊಬ್ಬನನ್ನು ಇಟ್ಟುಕೊಂಡೆ.

ಲೆಕ್ಕದ ಅಕ್ಕ · ಅಕ್ಟೋಬರ್ 9

ಅಯ್ಯೋ. ಉತ್ತರ ಕೊಡದೇ ಇದ್ದವರೇ ಎಲ್ಲರಿಗಿಂತ ಜಾಸ್ತಿ ಓಡುತ್ತಿದ್ದವರು! ಸರಿ, ನಿಮ್ಮನ್ನು ಎಲ್ಲಿ ಹಾಕಲಿ?

ಐಸ್ ಪ್ಲ್ಯಾಂಟ್ ಬೈತಖೋಲ · ಅಕ್ಟೋಬರ್ 9

ಐಸೆಲ್ಲ ಉದ್ರಿಯಲ್ಲಿ ಹೋಗಿದೆ, ದುಡ್ಡು ಇನ್ನೂ ಕೈಗೆ ಬಂದಿಲ್ಲ. ‘ಹಿಂಗೇ ನಡೀತಾ ಇದೆ’ ಅಂತ ಬರ್ಕೊಳ್ಳಿ.